ಕಂಟೇನರ್ ಬಳಕೆಯ ಅಂದಾಜನ್ನು ಕೋಡ್‌ನಲ್ಲಿ ಹೇಗೆ ಬರೆದಿಡಬೇಕು? ಟೊಮೆಟೊ ಸೀಸನ್ ಇಟ್ಟುಕೊಂಡು ಒಂದು ಹೋಲಿಕೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಶುರುವಾಯಿತು ಅಂದರೆ ನಮ್ಮ ಸರ್ವರ್‌ಗೂ ಕೆಲಸ ಶುರು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಜನ ಫೋನ್ ತೆಗೆದು, 15 ಕೆಜಿ ಬಾಕ್ಸ್‌ಗೆ ಇವತ್ತು ಎಷ್ಟು ಅಂತ ನೋಡುತ್ತಾರೆ. ಆ ರೇಟು ತೋರಿಸುವ ಸಣ್ಣ ಆಪ್ ನಮ್ಮದು. ನಾಲ್ಕು ಜನರ ತಂಡ. ಎಲ್ಲವೂ ಕ್ಲೌಡ್‌ನಲ್ಲಿ ಕಂಟೇನರ್‌ಗಳಾಗಿ, ಅಂದರೆ ಬೇಕಾದದ್ದನ್ನೆಲ್ಲ ಜೊತೆಗೇ ಕಟ್ಟಿಕೊಂಡ ಸಣ್ಣ ಪ್ರೋಗ್ರಾಂ ಡಬ್ಬಿಗಳಾಗಿ, ಓಡುತ್ತದೆ. ಫೆಬ್ರವರಿಯಲ್ಲಿ ತಣ್ಣಗಿರುವ ಸರ್ವಿಸ್‌ಗೆ ಜುಲೈನಲ್ಲಿ ಪುರುಸೊತ್ತೇ ಇರುವುದಿಲ್ಲ. 2023ರ ಜುಲೈನಲ್ಲಿ ಬಾಕ್ಸ್ ರೇಟು 2000 ರೂಪಾಯಿ ದಾಟಿತ್ತಲ್ಲ, ಅಂಥ ದಿನಗಳಲ್ಲಿ ರೈತರಷ್ಟೇ ಅಲ್ಲ, ವ್ಯಾಪಾರಿಗಳು, ಲಾರಿಯವರು, ಮನೆಯಲ್ಲಿ ಸಾರು ಮಾಡುವವರು ಕೂಡ ರೇಟು ನೋಡುತ್ತಾರೆ.

ಇಂಥ ಸರ್ವಿಸ್‌ಗೆ ಮುಂದಿನ ತಿಂಗಳು ಎಷ್ಟು ಬಿಲ್ ಬರುತ್ತದೆ ಅಂತ ಮೊದಲೇ ಹೇಳಬೇಕು. ಅದಕ್ಕೆ ಬಳಕೆಯ ಅಂದಾಜು ಬೇಕು. ಆ ಅಂದಾಜನ್ನು ಎಲ್ಲಿ, ಯಾವ ರೂಪದಲ್ಲಿ ಬರೆದಿಡಬೇಕು ಅನ್ನುವುದೇ ಈ ಬರಹದ ವಿಷಯ. ನಾವು ನಾಲ್ಕು ದಾರಿ ಹಿಡಿದು ನೋಡಿದ್ದೇವೆ. ಎಲ್ಲವೂ ಒಂದೇ ಮಟ್ಟದವಲ್ಲ. ನನ್ನ ಒಲವು ಯಾವುದರ ಕಡೆ ಅಂತ ಮುಚ್ಚಿಡುವುದೂ ಇಲ್ಲ.

ಮೊದಲು ಮೂರು ಸಂಗತಿ ಬೇರೆ ಬೇರೆ ಇಡಿ

ಕಂಟೇನರ್‌ಗೆ 0.25 ವಿಸಿಪಿಯು (ಕ್ಲೌಡ್‌ನ ವರ್ಚುವಲ್ ಸಿಪಿಯು), ಅರ್ಧ ಜಿಬಿ ಮೆಮೊರಿ ಅಂತ ಟೆರಾಫಾರ್ಮ್‌ನಲ್ಲಿ, ಅಂದರೆ ಕ್ಲೌಡ್‌ನಲ್ಲಿ ಏನೇನು ಬೇಕು ಅಂತ ಕೋಡ್ ಆಗಿ ಬರೆದಿಡುವ ಟೂಲ್‌ನಲ್ಲಿ, ಬರೆಯುತ್ತೀರಿ. ಅದು ನಿಮ್ಮ ತೀರ್ಮಾನ. ನೀವು ಹೇಳಿದಷ್ಟೇ ಇರುತ್ತದೆ.

ತಿಂಗಳಿಗೆ ಎಷ್ಟು ರಿಕ್ವೆಸ್ಟ್ ಬರುತ್ತವೆ, ಎಷ್ಟು ಗಂಟೆ ಜಾಸ್ತಿ ಟಾಸ್ಕ್ (ಕಂಟೇನರ್‌ನ ಓಡುತ್ತಿರುವ ಪ್ರತಿ) ಓಡುತ್ತವೆ, ಎಷ್ಟು ಜಿಬಿ ಲಾಗ್ (ಸರ್ವರ್ ಬರೆದಿಡುವ ದಾಖಲೆ) ಬೀಳುತ್ತದೆ ಅನ್ನುವುದು ಊಹೆ. ಅದು ನಿಮ್ಮ ಕೈಯಲ್ಲಿಲ್ಲ. ಜನರ ಕೈಯಲ್ಲಿದೆ, ಮಳೆಯ ಕೈಯಲ್ಲಿದೆ.

ಮೂರನೆಯದು ದರ. ಅದು ಕ್ಲೌಡ್ ಕಂಪನಿಯ ಕೈಯಲ್ಲಿದೆ. ಅಮೆರಿಕದ ವರ್ಜೀನಿಯಾ ರೀಜನ್‌ನಲ್ಲಿ ಎಡಬ್ಲ್ಯುಎಸ್ (ಅಮೆಜಾನ್‌ನ ಕ್ಲೌಡ್) ಕಂಟೇನರ್ ಓಡಿಸಲು ಕೊಡುವ ಫಾರ್ಗೇಟ್ ಸೇವೆಯ ಲಿನಕ್ಸ್ ದರ ಒಂದು ವಿಸಿಪಿಯು ಗಂಟೆಗೆ 0.04048 ಡಾಲರ್, ಒಂದು ಜಿಬಿ ಮೆಮೊರಿ ಗಂಟೆಗೆ 0.004445 ಡಾಲರ್. ಮುಂಬೈ ರೀಜನ್‌ನ ದರ ಬೇರೆ. ಕೆಳಗಿನ ಎಡಬ್ಲ್ಯುಎಸ್ ಲೆಕ್ಕವೆಲ್ಲ ವರ್ಜೀನಿಯಾದ ದರದಲ್ಲಿ ಹಾಕಿದ್ದೇನೆ. ನೀವು ಮಾಡುವಾಗ ನಿಮ್ಮ ರೀಜನ್‌ನ ಅವತ್ತಿನ ದರ ಹಾಕಿಕೊಳ್ಳಿ.

ಈ ಮೂರನ್ನು ಒಂದೇ ಕಡೆ ಕಲಸಿಟ್ಟರೆ ಆಮೇಲೆ ಯಾವುದು ತೀರ್ಮಾನ, ಯಾವುದು ಊಹೆ ಅಂತ ಗೊತ್ತಾಗುವುದಿಲ್ಲ. ಮುಂದಿನ ಹೋಲಿಕೆಯಲ್ಲಿ ನಾನು ನೋಡುವುದು ಮುಖ್ಯವಾಗಿ ಎರಡನ್ನೇ. ಈ ದಾರಿಯಲ್ಲಿ ಊಹೆ ಊಹೆಯಾಗಿಯೇ ಕಾಣುತ್ತದಾ? "ಸೊನ್ನೆ" ಅನ್ನುವುದನ್ನೂ "ಇನ್ನೂ ಗೊತ್ತಿಲ್ಲ" ಅನ್ನುವುದನ್ನೂ ಬೇರೆ ಬೇರೆ ಬರೆಯಬಹುದಾ?

ದಾರಿ ಒಂದು: ಕೋಡ್‌ನೊಳಗೇ ಸಂಖ್ಯೆ ಹಾಕುವುದು

ಲೆಕ್ಕ ಹಾಕುವ ಸ್ಕ್ರಿಪ್ಟ್‌ನಲ್ಲಿ ನೇರವಾಗಿ 60 ಲಕ್ಷ ರಿಕ್ವೆಸ್ಟ್ ಅಂತ ಬರೆದುಬಿಡುವುದು. ಐದು ನಿಮಿಷದ ಕೆಲಸ. ಒಂದೇ ಸಲ ಯಾರಿಗೋ ಅಂದಾಜು ಹೇಳಬೇಕಿದ್ದರೆ ಇಷ್ಟು ಸಾಕು, ಇದಕ್ಕಿಂತ ಜಾಸ್ತಿ ಮಾಡಬೇಡಿ. ಎರಡನೇ ಸಲ ಅದೇ ಸ್ಕ್ರಿಪ್ಟ್ ತೆರೆಯಬೇಕಾಗಿ ಬಂದರೆ ಮಾತ್ರ ಈ ದಾರಿ ಬಿಡಿ. ಆ 60 ಲಕ್ಷ ಎಲ್ಲಿಂದ ಬಂತು ಅಂತ ಬರೆದವರಿಗೇ ನೆನಪಿರುವುದಿಲ್ಲ. ಎಕ್ಸೆಲ್ ಹಾಳೆಯ ಕಥೆಯೂ ಇದೇ. ಅದು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಉಳಿಯುತ್ತದೆ, ಕೋಡ್ ಬದಲಾದಾಗ ಅದು ಬದಲಾಗುವುದಿಲ್ಲ.

ದಾರಿ ಎರಡು: ಬಳಕೆಗೇ ಒಂದು ಯಾಮಲ್ ಫೈಲ್

ಯಾಮಲ್ ಅಂದರೆ ಹೆಸರು (ಕೀ), ಅದರ ಮುಂದೆ ಬೆಲೆ ಅಂತ ಸಾಲು ಸಾಲಾಗಿ ಬರೆಯುವ ಸರಳ ಫೈಲ್. ಇನ್ಫ್ರಾಕಾಸ್ಟ್ ಅನ್ನುವ ಟೂಲ್ ಈ ದಾರಿಯನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಅದು ಟೆರಾಫಾರ್ಮ್ ಕೋಡ್ ಓದಿ ತಿಂಗಳ ಖರ್ಚು ಹೇಳುತ್ತದೆ. ಕೋಡ್‌ನಿಂದ ಗೊತ್ತಾಗದ ಸಂಗತಿಗಳನ್ನು ಬೇರೆ ಯೂಸೇಜ್ ಫೈಲ್‌ನಲ್ಲಿ ಬರೆದುಕೊಡಬೇಕು. ಒಂದೊಂದು ರಿಸೋರ್ಸ್‌ನ (ಕ್ಲೌಡ್‌ನಲ್ಲಿ ತೆಗೆದುಕೊಂಡ ಒಂದೊಂದು ಸೇವೆ) ಹೆಸರು, ಅದರ ಕೆಳಗೆ ಅದರ ಬಳಕೆ. ಒಂದೇ ಬಗೆಯ ರಿಸೋರ್ಸ್ ಹತ್ತಾರು ಇದ್ದರೆ ಆ ಬಗೆಗೆಲ್ಲ ಸೇರಿಸಿ ಒಂದು ಡೀಫಾಲ್ಟ್ ಕೊಡಬಹುದು. ಫೈಲ್ ಗಿಟ್‌ನಲ್ಲಿ ಕೋಡ್ ಜೊತೆಗೇ ಇರುತ್ತದೆ. ಯಾರು ಯಾವಾಗ ಯಾಕೆ ಬದಲಾಯಿಸಿದರು ಅನ್ನುವುದು ಅಲ್ಲೇ ಸಿಗುತ್ತದೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದು ಸಣ್ಣ ಗುಣ. ಬಳಕೆ ಬರೆಯದೆ ಬಿಟ್ಟರೆ ಅದು ಸೊನ್ನೆ ಡಾಲರ್ ಅಂತ ತೋರಿಸುವುದಿಲ್ಲ. ಖರ್ಚು ಬಳಕೆಯ ಮೇಲೆ ನಿಂತಿದೆ ಅಂತ ಹೇಳಿ, ಆ ಸಾಲನ್ನು ಖಾಲಿ ಬಿಡುತ್ತದೆ. ಓದುವವರಿಗೆ "ಇಲ್ಲಿ ಏನೋ ಬಾಕಿ ಇದೆ" ಅಂತ ಕಾಣುತ್ತದೆ.

ಇದು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. ಮೊದಲ ವರ್ಷ ನಾನೇ ಬರೆದ ಸ್ಕ್ರಿಪ್ಟ್‌ನಲ್ಲಿ ಲಾಗ್ ಎಷ್ಟು ಜಿಬಿ ಅನ್ನುವಲ್ಲಿ ಸೊನ್ನೆ ಇತ್ತು. ಆಮೇಲೆ ತುಂಬೋಣ ಅಂತ ಹಾಕಿದ ಸೊನ್ನೆ. ಆಮೇಲೆ ಅನ್ನುವುದು ಬರಲೇ ಇಲ್ಲ. ಎಡಬ್ಲ್ಯುಎಸ್‌ನ ಲಾಗ್ ಇಡುವ ಸೇವೆ ಕ್ಲೌಡ್‌ವಾಚ್ ಲಾಗ್ಸ್‌ಗೆ ಒಂದು ಜಿಬಿ ಲಾಗ್ ಒಳಗೆ ಹೋದರೆ 0.50 ಡಾಲರ್. ಸೀಸನ್‌ನಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಉದ್ದುದ್ದ ಲಾಗ್ ಬಿದ್ದು, ಕಂಟೇನರ್‌ಗಿಂತ ಲಾಗ್‌ಗೇ ಜಾಸ್ತಿ ದುಡ್ಡು ಹೋಯಿತು. ಅಂದಾಜಿನ ಹಾಳೆಯಲ್ಲಿ ಅಲ್ಲಿ ಅಚ್ಚುಕಟ್ಟಾಗಿ 0.00 ಅಂತಿತ್ತು. ನೋಡಿದವರೆಲ್ಲ ಅದನ್ನು ನಂಬಿದ್ದರು.

ಈಗ ಫೈಲ್‌ನಲ್ಲಿ ಏನು ಬರೆಯಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ರೇಟು ಕೊಡುವ ಸರ್ವಿಸ್ ಗೂಗಲ್‌ನ ಕಂಟೇನರ್ ಸೇವೆ ಕ್ಲೌಡ್ ರನ್‌ನಲ್ಲಿದೆ ಅಂದುಕೊಳ್ಳಿ. ಒಂದು ವಿಸಿಪಿಯು, ಅರ್ಧ ಜಿಬಿ ಮೆಮೊರಿ. ತಿಂಗಳಿಗೆ 60 ಲಕ್ಷ ರಿಕ್ವೆಸ್ಟ್, ಒಂದಕ್ಕೆ 250 ಮಿಲಿಸೆಕೆಂಡ್. ಇಷ್ಟೇ ಬರೆದರೆ ಸಾಕಾ? ಸಾಲದು. ಕ್ಲೌಡ್ ರನ್‌ನಲ್ಲಿ ಒಂದೇ ಇನ್‌ಸ್ಟೆನ್ಸ್ (ಕಂಟೇನರ್‌ನ ಒಂದು ಪ್ರತಿ) ಏಕಕಾಲಕ್ಕೆ ಹಲವು ರಿಕ್ವೆಸ್ಟ್ ನೋಡಿಕೊಳ್ಳುತ್ತದೆ, ಆ ಹೊತ್ತಿಗೆ ಒಂದೇ ಸಲ ದುಡ್ಡು. ಹಾಗಾಗಿ ಸರಾಸರಿ ಎಷ್ಟು ರಿಕ್ವೆಸ್ಟ್ ಒಟ್ಟಿಗೆ ಇರುತ್ತವೆ ಅನ್ನುವುದು ಬೇಕು.

ಒಂದೊಂದೇ ಬರುತ್ತವೆ ಅಂದರೆ, ಹೊತ್ತನ್ನು 100 ಮಿಲಿಸೆಕೆಂಡ್‌ಗೆ ಏರಿಸಿ ಬಿಲ್ ಹಾಕುವುದನ್ನು ಇಲ್ಲಿ ಬಿಟ್ಟು, 60 ಲಕ್ಷ ಗುಣಿಸು ಕಾಲು ಸೆಕೆಂಡ್, 15 ಲಕ್ಷ ವಿಸಿಪಿಯು ಸೆಕೆಂಡ್. ತಿಂಗಳಿಗೆ ಉಚಿತವಾಗಿ ಸಿಗುವ 1,80,000 ಕಳೆದರೆ 13,20,000. ಸೆಕೆಂಡಿಗೆ 0.000024 ಡಾಲರ್ ಲೆಕ್ಕದಲ್ಲಿ 31.68 ಡಾಲರ್. ಮೆಮೊರಿಗೆ ಸುಮಾರು ಒಂದು ಡಾಲರ್. ರಿಕ್ವೆಸ್ಟ್‌ನಲ್ಲಿ ಮೊದಲ 20 ಲಕ್ಷ ಉಚಿತ, ಉಳಿದ 40 ಲಕ್ಷಕ್ಕೆ ಹತ್ತು ಲಕ್ಷಕ್ಕೆ 0.40ರಂತೆ 1.60 ಡಾಲರ್. ಒಟ್ಟು 34 ಡಾಲರ್ ಚಿಲ್ಲರೆ.

ಸರಾಸರಿ ಹತ್ತು ಒಟ್ಟಿಗೆ ಇರುತ್ತವೆ ಅಂದರೆ? ವಿಸಿಪಿಯು ಸೆಕೆಂಡ್ 1,50,000ಕ್ಕೆ ಇಳಿಯುತ್ತದೆ. ಅದು ಉಚಿತ ಮಿತಿಯ ಒಳಗೇ. ಮೆಮೊರಿಯೂ ಒಳಗೇ. ಬಿಲ್ ಬರೀ 1.60 ಡಾಲರ್!

ಅದೇ ಆಪ್, ಅದೇ ಜನ. ಒಂದು ಸಾಲಿನ ಊಹೆ ಬದಲಾದರೆ ಬಿಲ್ ಇಪ್ಪತ್ತು ಪಟ್ಟು ಆಚೆ ಈಚೆ ಆಗುತ್ತದೆ. ಇಲ್ಲಿ ತುಂಬಾ ಜನ ಒಂದು ತಪ್ಪು ಮಾಡುತ್ತಾರೆ. ಕ್ಲೌಡ್ ರನ್‌ನ ಕಾನ್‌ಕರೆನ್ಸಿ (ಒಂದು ಇನ್‌ಸ್ಟೆನ್ಸ್‌ಗೆ ಒಟ್ಟಿಗೆ ಎಷ್ಟು ರಿಕ್ವೆಸ್ಟ್) ಸೆಟ್ಟಿಂಗ್‌ನ ಡೀಫಾಲ್ಟ್ 80. ಅದನ್ನೇ ತಂದು ಯೂಸೇಜ್ ಫೈಲ್‌ನಲ್ಲಿ 80 ಅಂತ ಬರೆಯುತ್ತಾರೆ. 80 ಅನ್ನುವುದು ಗರಿಷ್ಠ ಮಿತಿ, ಅಂದರೆ ತೀರ್ಮಾನ. ಸರಾಸರಿ ಎಷ್ಟು ಅನ್ನುವುದು ಊಹೆ. ಬಸ್ಸಿನಲ್ಲಿ 50 ಸೀಟಿದೆ ಅಂತ ಕೋಲಾರದಿಂದ ಚಿಂತಾಮಣಿಗೆ ಹೋಗುವ ಪ್ರತಿ ಬಸ್ಸಲ್ಲೂ 50 ಜನ ಇರುತ್ತಾರಾ?

ಯಾಮಲ್ ಫೈಲ್‌ನ ಕೊರತೆ ಎರಡು. ಒಂದು, ಅದು ಯಾವುದನ್ನೂ ತಡೆಯುವುದಿಲ್ಲ. ನಮ್ಮ ಲೆಕ್ಕ ನೋಡುವ ಹುಡುಗಿ ಒಂದು ದಿನ ತಾನೇ ಫೈಲ್ ತೆರೆದು 60,00,000 ಅಂತ ಕಾಮಾ ಹಾಕಿ ಬರೆದಳು. ನಾವು ದಿನಾ ಬರೆಯುವುದೇ ಹಾಗೆ. ಯಾಮಲ್‌ಗೆ ಕಾಮಾ ಇದ್ದರೆ ಅದು ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು. ಎರಡು, ತಿಂಗಳು ತಿಂಗಳಿಗೆ ಬದಲಾಗುವುದನ್ನು ಹೇಳಲು ಅದರಲ್ಲಿ ಸುಲಭದ ದಾರಿ ಇಲ್ಲ. ಫೆಬ್ರವರಿಗೆ ಒಂದು ಫೈಲ್, ಜುಲೈಗೆ ಇನ್ನೊಂದು ಇಡಬೇಕಾಗುತ್ತದೆ. ನಾವು ಹಾಗೇ ಇಟ್ಟಿದ್ದೇವೆ, ಕಷ್ಟವೇನೂ ಆಗಿಲ್ಲ.

ದಾರಿ ಮೂರು: ಟೈಪ್ ಇರುವ ಸ್ಟ್ರಕ್ಟ್ ಅಥವಾ ಡೇಟಾಕ್ಲಾಸ್

ಬಳಕೆಯನ್ನು ಗೋ ಭಾಷೆಯ ಸ್ಟ್ರಕ್ಟ್ ಆಗಿಯೋ ಪೈಥಾನ್‌ನ ಡೇಟಾಕ್ಲಾಸ್ ಆಗಿಯೋ ಬರೆಯುವುದು. ಎರಡೂ ಫೀಲ್ಡ್‌ಗಳ ಗುಂಪು, ಪ್ರತಿ ಫೀಲ್ಡ್‌ಗೂ ಒಂದು ಹೆಸರು, ಒಂದು ಟೈಪ್ (ಸಂಖ್ಯೆಯೋ ಅಕ್ಷರಗಳೋ). ತಪ್ಪು ಟೈಪ್ ಕೊಟ್ಟರೆ ಗೋನಲ್ಲಿ ಕಂಪೈಲರ್ ಹಿಡಿಯುತ್ತದೆ. ಪೈಥಾನ್‌ನ ಡೇಟಾಕ್ಲಾಸ್ ತಾನಾಗಿ ಟೈಪ್ ನೋಡುವುದಿಲ್ಲ, ಅಲ್ಲಿ ಪರೀಕ್ಷೆಯನ್ನು ನೀವೇ ಬರೆಯಬೇಕು. ಹಾಗೆ ಮಾಡಿದರೆ ಕಾಮಾ ಹಾಕಿದ 60,00,000 ಇಲ್ಲಿ ಒಳಗೇ ಬರುವುದಿಲ್ಲ.

ಆದರೆ ಇಲ್ಲಿ ಸೊನ್ನೆಯ ಸಮಸ್ಯೆ ಬೇರೆ ಬಾಗಿಲಿನಿಂದ ಬರುತ್ತದೆ. ಗೋನಲ್ಲಿ ಫೀಲ್ಡ್‌ಗೆ ಏನೂ ಕೊಡದಿದ್ದರೆ ಅದು ತಾನೇ ಸೊನ್ನೆ ಆಗುತ್ತದೆ. ಗೊತ್ತಿಲ್ಲದ್ದೂ ಸೊನ್ನೆ, ನಿಜವಾಗಿ ಸೊನ್ನೆ ಇರುವುದೂ ಸೊನ್ನೆ. ಇನ್ಫ್ರಾಕಾಸ್ಟ್ ಬರೆದಿರುವುದು ಗೋನಲ್ಲೇ. ಅದರ ಕೋಡ್ ತೆರೆದು ನೋಡಿದರೆ ಬಳಕೆಯ ಫೀಲ್ಡ್‌ಗಳು ಪಾಯಿಂಟರ್‌ಗಳು, ಅಂದರೆ ಸಂಖ್ಯೆ ಎಲ್ಲಿದೆ ಅಂತ ಹೇಳುವ ಗುರುತುಗಳು. ಕೊಡದಿದ್ದರೆ ನಿಲ್ (ಖಾಲಿ), ಕೊಟ್ಟರೆ ಸಂಖ್ಯೆ. ಮೊದಲ ಸಲ ನೋಡಿದಾಗ ಒಂದು ಸಂಖ್ಯೆಗೆ ಪಾಯಿಂಟರ್ ಯಾಕೆ ಅಂತ ನನಗೂ ಅನ್ನಿಸಿತ್ತು. ಲಾಗ್ ಬಿಲ್ ನೋಡಿದ ಮೇಲೆ ಅರ್ಥವಾಯಿತು.

ಪೈಥಾನ್‌ನಲ್ಲಿ ನನ್ (None, ಏನೂ ಇಲ್ಲ) ಅನ್ನುವ ಬೆಲೆ ಇದೆ, ಅದನ್ನೇ ಡೀಫಾಲ್ಟ್ ಇಡಿ. ಆದರೆ "ಬಳಕೆ ಇದ್ದರೆ ಲೆಕ್ಕ ಹಾಕು" ಅಂತ ಸುಮ್ನೆ ಇಫ್ ಬರೆದರೆ ಸೊನ್ನೆ ಮತ್ತು ನನ್ ಎರಡೂ ಒಂದೇ ಕಡೆ ಹೋಗುತ್ತವೆ. "ಅಥವಾ ಸೊನ್ನೆ" ಅಂತ ಸೇರಿಸುವ ಅಭ್ಯಾಸವಂತೂ ಇನ್ನೂ ಕೆಟ್ಟದ್ದು. ನನ್ ಹೌದೋ ಅಲ್ಲವೋ ಅಂತಲೇ ನೇರವಾಗಿ ಕೇಳಬೇಕು. ಯಾಮಲ್‌ನಲ್ಲಿ ಕೀ ಬರೆದು ಮುಂದೆ ಖಾಲಿ ಬಿಟ್ಟರೆ ಅದು ನಲ್ ಆಗುತ್ತದೆ, ಅದು ಪೈಥಾನ್‌ಗೆ ನನ್ ಆಗಿ ಬರುತ್ತದೆ. ಯಾಮಲ್‌ನಂಥದ್ದೇ ಇನ್ನೊಂದು ಬಗೆಯಾದ ಟಾಮಲ್‌ನಲ್ಲಿ ನಲ್ ಅನ್ನುವುದೇ ಇಲ್ಲ, ಕೀಯನ್ನೇ ತೆಗೆದುಹಾಕಬೇಕು. ಈ ಒಂದು ಕಾರಣಕ್ಕೇ ನಾವು ಯಾಮಲ್‌ನಲ್ಲಿ ಉಳಿದೆವು.

ಫೀಲ್ಡ್ ಯಾವುದರ ಲೆಕ್ಕ ಇಡುತ್ತದೆ ಅನ್ನುವುದೂ ಇಲ್ಲಿ ಯೋಚಿಸಬೇಕು. ಫಾರ್ಗೇಟ್‌ನಲ್ಲಿ ನಮ್ಮ ಎರಡು ಟಾಸ್ಕ್ ಸದಾ ಓಡುತ್ತವೆ. ಸೀಸನ್‌ನಲ್ಲಿ ದಿನಕ್ಕೆ ಹತ್ತು ಗಂಟೆ ಇನ್ನೂ ಆರು ಸೇರುತ್ತವೆ. 0.25 ವಿಸಿಪಿಯು, ಅರ್ಧ ಜಿಬಿಯ ಒಂದು ಟಾಸ್ಕ್‌ಗೆ ಗಂಟೆಗೆ 0.0123 ಡಾಲರ್ ಚಿಲ್ಲರೆ. ಸದಾ ಓಡುವ ಎರಡಕ್ಕೆ ತಿಂಗಳಿಗೆ 730 ಗಂಟೆಯಂತೆ 18 ಡಾಲರ್. ಹೆಚ್ಚುವರಿ ಆರಕ್ಕೆ 30 ದಿನಕ್ಕೆ 1800 ಟಾಸ್ಕ್ ಗಂಟೆ, 22 ಡಾಲರ್. ಒಟ್ಟು 40. ಟೆರಾಫಾರ್ಮ್‌ನಲ್ಲಿರುವ ಡಿಸೈರ್ಡ್ ಕೌಂಟ್ (ಎಷ್ಟು ಟಾಸ್ಕ್ ಬೇಕು ಅಂತ ಬರೆದ ಸಂಖ್ಯೆ) ಒಂದನ್ನೇ ನೋಡಿ ಲೆಕ್ಕ ಹಾಕಿದರೆ ಬರೀ 18 ಕಾಣುತ್ತದೆ. ಇನ್ನು "ಸರಾಸರಿ ಟಾಸ್ಕ್" ಅಂತ ಪೂರ್ಣ ಸಂಖ್ಯೆಯ ಫೀಲ್ಡ್ ಇಟ್ಟರೆ 4.47 ಅನ್ನುವುದು 4 ಆಗಿ 36 ಡಾಲರ್ ಕಾಣುತ್ತದೆ. ಟಾಸ್ಕ್ ಗಂಟೆ ಅಂತಲೇ ಫೀಲ್ಡ್ ಇಡಿ. ಬಿಲ್ ಯಾವ ಅಳತೆಯಲ್ಲಿ ಬರುತ್ತದೋ ಅದೇ ಅಳತೆಯಲ್ಲಿ ಊಹೆಯೂ ಇರಲಿ.

ಅಳತೆಯನ್ನು ಫೀಲ್ಡ್‌ನ ಹೆಸರಿನಲ್ಲೇ ಸೇರಿಸಿ. ಸ್ಟೋರೇಜ್ ಜಿಬಿ, ಅವಧಿ ಮಿಲಿಸೆಕೆಂಡ್, ಹೀಗೆ. ಜಿಬಿ (ನೂರು ಕೋಟಿ ಬೈಟ್) ಬೇರೆ, ಗಿಬಿಬೈಟ್ (1024ರ ಲೆಕ್ಕದ್ದು) ಬೇರೆ, ಎರಡಕ್ಕೂ ನೂರಕ್ಕೆ ಏಳರಷ್ಟು ವ್ಯತ್ಯಾಸ. ಇನ್ನು 730 ಗಂಟೆ ಅನ್ನುವುದು ವರ್ಷದ 8760 ಗಂಟೆಯನ್ನು ಹನ್ನೆರಡರಿಂದ ಭಾಗಿಸಿದ್ದು. ಜುಲೈಗೆ ನಿಜಕ್ಕೂ 744 ಗಂಟೆ, 28 ದಿನದ ಫೆಬ್ರವರಿಗೆ 672. ಅಂದಾಜನ್ನು ಬಿಲ್ ಜೊತೆ ಇಟ್ಟು ನೋಡುವಾಗ ಇದು ನೆನಪಿರಲಿ.

ಈ ದಾರಿಯ ತೊಂದರೆ ಒಂದೇ, ಆದರೆ ದೊಡ್ಡದು. ಕೋಡ್ ಬರೆಯುವವರು ಮಾತ್ರ ಇದನ್ನು ಓದಬಲ್ಲರು. ಸೀಸನ್ ಯಾವಾಗ ಅಂತ ಬಲ್ಲವರು ಕೋಡ್ ಬರೆಯುವವರಲ್ಲ.

ಸಂಖ್ಯೆ ಬರೆಯಬೇಕಾ, ಲೆಕ್ಕ ಬರೆಯಬೇಕಾ?

ಇದು ಬೇರೆ ದಾರಿ ಅಲ್ಲ, ಎರಡಕ್ಕೂ ಮೂರಕ್ಕೂ ಸೇರುವ ಮಾತು. 60 ಲಕ್ಷ ಅಂತ ಬರೆಯುವ ಬದಲು ಅದು ಹೇಗೆ ಬಂತು ಅಂತ ಬರೆಯಿರಿ. 10,000 ಜನ, ದಿನಕ್ಕೆ ಐದು ಸಲ ಆಪ್ ತೆರೆಯುತ್ತಾರೆ, ಒಂದು ಸಲ ತೆರೆದರೆ ನಾಲ್ಕು ರಿಕ್ವೆಸ್ಟ್, 30 ದಿನ. ಗುಣಿಸಿದರೆ 60 ಲಕ್ಷ. ಈಗ ಯಾರು ಬೇಕಾದರೂ ವಾದ ಮಾಡಬಹುದು. ಐದು ಸಲ ಜಾಸ್ತಿ ಆಯಿತು ಅಲ್ವಾ, ಮೂರು ಹಾಕೋಣ ಅನ್ನಬಹುದು. 60 ಲಕ್ಷದ ಜೊತೆ ವಾದ ಮಾಡಲು ಯಾರಿಗೂ ಆಗುವುದಿಲ್ಲ.

ಕಾಲದ ವಿಷಯದಲ್ಲಿ ನಮ್ಮ ಕಡೆಯ ಆಪ್‌ಗಳಿಗೆ ಒಂದು ಎಚ್ಚರ ಬೇಕು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ವರ್ಷವಿಡೀ ನಡೆಯುತ್ತದೆ, ಅಂಥದ್ದಕ್ಕೆ ತಿಂಗಳ ಒಂದೇ ಸಂಖ್ಯೆ ನಡೆದೀತು. ಟೊಮೆಟೊಗೆ ಹನ್ನೆರಡು ತಿಂಗಳಿಗೆ ಹನ್ನೆರಡು ಸಂಖ್ಯೆ ಬೇಕು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಗೆ ಅದೂ ಸಾಲದು. ಹೂವಿಗೆ ಬೇಡಿಕೆ ಬರುವುದು ಹಬ್ಬಕ್ಕೆ, ಹಬ್ಬ ಬರುವುದು ಪಂಚಾಂಗದಂತೆ. ಗಣೇಶನ ಹಬ್ಬ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. 2024ರ ಸೆಪ್ಟೆಂಬರ್ ಸಂಖ್ಯೆಯನ್ನು 2025ರ ಸೆಪ್ಟೆಂಬರ್‌ಗೆ ನಕಲು ಮಾಡಿದ್ದರೆ ಹಬ್ಬದ ಭಾರವೆಲ್ಲ ತಪ್ಪು ತಿಂಗಳಿಗೆ ಬೀಳುತ್ತಿತ್ತು. ಅಲ್ಲಿ ತಿಂಗಳ ಪಟ್ಟಿ ಬೇಡ. ಹಬ್ಬದ ತಾರೀಖು ಕೊಟ್ಟರೆ ಅದರ ಹಿಂದಿನ ಕೆಲವು ದಿನಕ್ಕೆ ಬಳಕೆ ಏರಿಸುವ ಒಂದು ಸಣ್ಣ ಫಂಕ್ಷನ್ ಬರೆಯಿರಿ.

ದಾರಿ ನಾಲ್ಕು: ಮೆಟ್ರಿಕ್ಸ್‌ನಿಂದ ತಾನೇ ಎಳೆದುಕೊಳ್ಳುವುದು

ಬಳಕೆಯ ಅಳತೆಗಳನ್ನು (ಮೆಟ್ರಿಕ್ಸ್) ಕೂಡಿಡುವ ಪ್ರೊಮೀಥಿಯಸ್ ಅಥವಾ ಕ್ಲೌಡ್‌ವಾಚ್‌ನಿಂದ ಹಿಂದಿನ ಬಳಕೆ ತಂದು ಅದನ್ನೇ ಮುಂದಿನ ಅಂದಾಜಾಗಿ ಹಾಕುವುದು. ಕೈಯಿಂದ ಬರೆಯುವ ಕೆಲಸವಿಲ್ಲ. ಸರಾಸರಿ ಕಾನ್‌ಕರೆನ್ಸಿ, ರಿಕ್ವೆಸ್ಟ್ ಅವಧಿ, ಒಂದು ರಿಕ್ವೆಸ್ಟ್‌ಗೆ ಎಷ್ಟು ಲಾಗ್ ಬೀಳುತ್ತದೆ, ಇವಕ್ಕೆಲ್ಲ ಇದೇ ಸರಿಯಾದ ಜಾಗ. ಊಹಿಸುವ ಬದಲು ಅಳೆಯಿರಿ.

ಜನ ಎಷ್ಟು ಬರುತ್ತಾರೆ ಅನ್ನುವುದಕ್ಕೆ ಮಾತ್ರ ಇದನ್ನು ನಂಬಬೇಡಿ. ಹೋದ ವರ್ಷದ ಮೆಟ್ರಿಕ್ಸ್ ನೋಡಿ ನಾನು ಆಗಸ್ಟ್ ಸಂಖ್ಯೆ ಇಳಿಸಿದ್ದೆ. ಮಂಡಿಯ ಗುಮಾಸ್ತರಿಗೆ ಫೈಲ್ ತೋರಿಸಿದೆ.

"ಆಗಸ್ಟ್‌ಗೆ ಯಾಕಪ್ಪ ಇಷ್ಟು ಕಮ್ಮಿ ಹಾಕಿದ್ದೀಯ?"

"ಹೋದ ವರ್ಷ ಅಷ್ಟೇ ಇತ್ತಲ್ಲಣ್ಣ."

"ಹೋದ ವರ್ಷ ಗಿಡಕ್ಕೆ ರೋಗ ಬಿದ್ದು ಮಾಲೇ ಬರಲಿಲ್ಲ. ಈ ಸಲ ನಾಟಿ ಚೆನ್ನಾಗಿದೆ. ಜುಲೈಗೆ ಎಷ್ಟು ಹಾಕಿದ್ದೀಯೋ ಅಷ್ಟೇ ಹಾಕು."

ಗಿಡಕ್ಕೆ ಬಂದ ರೋಗ ಯಾವ ಗ್ರಾಫ್‌ನಲ್ಲೂ ಇರಲಿಲ್ಲ. ಅವರು ಓದಿದ್ದು ಯಾಮಲ್ ಫೈಲ್, ಫೋನ್‌ನಲ್ಲಿ, ಮಂಡಿಯ ಕಟ್ಟೆಯ ಮೇಲೆ ಕೂತು. ಅದೇ ಅಂಕಿ ಗೋ ಸ್ಟ್ರಕ್ಟ್‌ನೊಳಗೆ ಇದ್ದಿದ್ದರೆ ಈ ಮಾತು ನಡೆಯುತ್ತಿರಲಿಲ್ಲ.

ಹಾಗಾದರೆ ಯಾವುದು?

ಒಂದು ಸಲದ ಲೆಕ್ಕಕ್ಕೆ ಮೊದಲ ದಾರಿ. ಐದಾರು ಸರ್ವಿಸ್ ಇರುವ ಸಣ್ಣ ತಂಡಕ್ಕೆ ಯಾಮಲ್ ಫೈಲ್, ಅದನ್ನು ಓದುವಾಗ ಪರೀಕ್ಷಿಸಲು ಹಿಂದೆ ಒಂದು ಚಿಕ್ಕ ಡೇಟಾಕ್ಲಾಸ್. ನಾವು ಇರುವುದು ಇಲ್ಲೇ, ನಿಮ್ಮಲ್ಲಿ ಹೆಚ್ಚಿನವರಿಗೂ ಇದೇ ಸಾಕು ಅಂತ ನನ್ನ ಅನಿಸಿಕೆ. ಬೇರೆಯವರು ಬಳಸುವ ಖರ್ಚಿನ ಟೂಲನ್ನೇ ನೀವು ಕಟ್ಟುತ್ತಿದ್ದರೆ ಮೂರನೆಯದೇ ಬೇಕು, ಪ್ರತಿ ಫೀಲ್ಡ್‌ಗೂ "ಗೊತ್ತಿಲ್ಲ" ಅನ್ನುವ ಜಾಗ ಬಿಟ್ಟು. ಮೆಟ್ರಿಕ್ಸ್ ದಾರಿಗೆ ಒಂದು ಪೂರ್ತಿ ಸೀಸನ್ ಕಳೆದ ಮೇಲೆ ಬನ್ನಿ.

ಹಲವು ಮಷಿನ್‌ಗಳ ಮೇಲೆ ಕಂಟೇನರ್‌ಗಳನ್ನು ಹಂಚಿ ಓಡಿಸುವ ಕುಬರ್ನೆಟಿಸ್ ಬಳಸುವವರಿಗೆ ಒಂದು ಮಾತು. ಪಾಡ್‌ಗೆ (ಒಟ್ಟಿಗೆ ಓಡುವ ಕಂಟೇನರ್‌ಗಳು) ಎಷ್ಟು ಸಿಪಿಯು ಕೇಳಿದ್ದೀರಿ ಅನ್ನುವುದು ಎಷ್ಟು ಪಾಡ್ ಒಂದು ನೋಡ್‌ನಲ್ಲಿ (ಒಂದು ಮಷಿನ್) ಹಿಡಿಯುತ್ತವೆ ಅಂತ ಹೇಳುತ್ತದೆ. ವರ್ಚುವಲ್ ಮಷಿನ್‌ಗಳನ್ನೇ ನೋಡ್ ಮಾಡಿಕೊಂಡಿದ್ದರೆ ಬಿಲ್ ಬರುವುದು ನೋಡ್‌ಗೆ. ಹಾಗಾಗಿ ಫೈಲ್‌ನಲ್ಲಿ ನೋಡ್ ಗಂಟೆ ಬರೆಯಿರಿ. ಎಡಬ್ಲ್ಯುಎಸ್‌ನ ಕುಬರ್ನೆಟಿಸ್ ಸೇವೆ ಇಕೆಎಸ್‌ನಲ್ಲಿ ಕ್ಲಸ್ಟರ್ (ನೋಡ್‌ಗಳ ಗುಂಪು) ಸುಮ್ನೆ ಇದ್ದರೂ ಗಂಟೆಗೆ 0.10 ಡಾಲರ್, ತಿಂಗಳಿಗೆ 73. ನಮ್ಮಂಥ ತಂಡಕ್ಕೆ ಅದೇ ಕಂಟೇನರ್‌ಗಿಂತ ಜಾಸ್ತಿ.

ಯಾವ ದಾರಿ ಹಿಡಿದರೂ ಕಂಟೇನರ್ ಪಕ್ಕದ ಖರ್ಚುಗಳಿಗೆ ಫೀಲ್ಡ್ ಇಡುವುದು ಮರೆಯಬೇಡಿ. 2024ರ ಫೆಬ್ರವರಿ 1ರಿಂದ ಎಡಬ್ಲ್ಯುಎಸ್ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತದೆ. ಒಂಬತ್ತು ಡಾಲರ್‌ನ ಟಾಸ್ಕ್‌ಗೆ ಅದರ ಮೇಲೆ 3.65. ಒಳಗಿನ ಸರ್ವರ್‌ಗಳು ಇಂಟರ್ನೆಟ್‌ಗೆ ಹೋಗಲು ನ್ಯಾಟ್ ಗೇಟ್‌ವೇ ಇಟ್ಟರೆ ಗಂಟೆಗೆ 0.045ರಂತೆ ತಿಂಗಳಿಗೆ 32.85, ಅದರೊಳಗೆ ಹಾದುಹೋಗುವ ಪ್ರತಿ ಜಿಬಿಗೆ ಮತ್ತೆ ಬೇರೆ. ಕಂಟೇನರ್‌ನ ಇಮೇಜ್ (ಕಟ್ಟಿಟ್ಟ ಫೈಲ್) ಇಡುವ ಇಸಿಆರ್ ತಿಂಗಳಿಗೆ ಜಿಬಿಗೆ 0.10, ಅದು ಚಿಲ್ಲರೆ.

ಇವತ್ತೇ ಶುರು ಮಾಡುವುದಾದರೆ ನಿಮ್ಮ ಸ್ಕ್ರಿಪ್ಟ್ ತೆರೆದು ಎಲ್ಲೆಲ್ಲಿ ಸೊನ್ನೆ ಇದೆ ಅಂತ ಹುಡುಕಿ. ಒಂದೊಂದನ್ನೂ ನೋಡಿ, ನಿಜವಾಗಿ ಸೊನ್ನೆಯಾ ಅಂತ ಕೇಳಿಕೊಳ್ಳಿ. ಅಲ್ಲದಿದ್ದರೆ ಅಳಿಸಿ ಖಾಲಿ ಬಿಡಿ, ಪಕ್ಕದಲ್ಲಿ ಯಾರನ್ನು ಕೇಳಬೇಕು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ನಮ್ಮ ಆಗಸ್ಟ್ ಫೈಲ್‌ನಲ್ಲಿ ರಿಕ್ವೆಸ್ಟ್ ಸಾಲಿನ ಪಕ್ಕ ಈಗಲೂ "ಮಂಡಿಯಲ್ಲಿ ಕೇಳಿ, ಮೇ ಕೊನೆಯೊಳಗೆ" ಅಂತ ಇದೆ.